ತುತ್ತಿಗೆ ಮುಂಚೆ ಒಂದು ಮಾತು

ಊಟ ಮಾಡುವಾಗ ನಿಮಗೆ ನೆತ್ತಿ ಹತ್ತಿದ್ದುಂಟೆ? ಇಲ್ಲದೆ ಏನು! ಮಾತಾಡುತ್ತಾ, ನಗುತ್ತಾ ತುತ್ತು ನುಂಗಿದಾಗ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಅಮ್ಮ ಓಡಿ ಬಂದು ನೆತ್ತಿ ತಟ್ಟುತ್ತಾರೆ. ಪಕ್ಕದಲ್ಲಿದ್ದವರು "ಯಾರೋ ನೆನೆಸಿಕೊಂಡರು" ಎನ್ನುತ್ತಾರೆ. ಎರಡು ನಿಮಿಷದಲ್ಲಿ ಎಲ್ಲ ಸರಿಹೋಗಿ ನೀವು ಮತ್ತೆ ತಟ್ಟೆಗೆ ಕೈ ಹಾಕುತ್ತೀರಿ.

ಇದೇ ಸಂಗತಿ ಎಂಬತ್ತು ದಾಟಿದವರಿಗೆ ಆದಾಗ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ವೃದ್ಧಾಶ್ರಮಗಳಲ್ಲಿ ಹಿರಿಯರ ಊಟದ ಬಗ್ಗೆ ನಡೆಸಿದ ಮಾತುಕತೆಯ ಕಾರ್ಯಕ್ರಮಕ್ಕಾಗಿ ನಾನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಕ್ಯಾಮೆರಾ ತಂಡದೊಂದಿಗೆ ಕೆಲವು ದಿನ ಓಡಾಡಿದೆ. ಇಂದು ಈ ಐದೂ ವಿಜಯನಗರ ಜಿಲ್ಲೆಯ ತಾಲೂಕುಗಳು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ಜಿಲ್ಲೆಗೆ ಬಂತು. ಜಿಲ್ಲೆಗಳು ಬದಲಾದರೂ ಊಟ ಬದಲಾಗಿಲ್ಲ. ಜೋಳದ ರೊಟ್ಟಿ, ಜೋಳದ ನುಚ್ಚು, ಮುದ್ದೆ, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಸಂಜೆಗೆ ಮಂಡಕ್ಕಿ. ಎದುರಿಗೆ ಸಿಕ್ಕವರು ಕೇಳುವ ಮೊದಲ ಮಾತು ಇಂದಿಗೂ "ಊಟ ಆತಾ?" ಎಂಬುದೇ.

ಒಂದು ವೃದ್ಧಾಶ್ರಮದಲ್ಲಿ ನಾನು ಮಾಡಿದ ತಪ್ಪಿನಿಂದಲೇ ಆರಂಭಿಸುತ್ತೇನೆ. ಮಧ್ಯಾಹ್ನದ ಊಟದ ಹೊತ್ತು. ಕೈ ನಡುಗುವ ಒಬ್ಬ ಅಜ್ಜಿಗೆ ಆಯಾ ಒಬ್ಬರು ಸ್ಟೂಲಿನ ಮೇಲೆ ಕುಳಿತು ಚಮಚದಲ್ಲಿ ಉಣಿಸುತ್ತಿದ್ದರು. ಆಯಾ ಅವರ ಬೆನ್ನು ಕ್ಯಾಮೆರಾಕ್ಕೆ ಅಡ್ಡವಾಗುತ್ತಿತ್ತು. "ಸ್ವಲ್ಪ ಎದ್ದು ನಿಂತು ಉಣಿಸಿ" ಎಂದೆ. ಅವರು ನಿಂತರು. ಬೆಳಕು ಸರಿಯಾಯಿತು. "ಇನ್ನೊಂದು ಸಲ" ಎಂದೆ, ನಮ್ಮ ಕಸುಬಿನಲ್ಲಿ ಇದು ಉಸಿರಾಟದಷ್ಟೇ ಸಹಜವಾದ ಮಾತು. ಮೂರನೆಯ ಸಲಕ್ಕೆ ಅಜ್ಜಿಗೆ ನೆತ್ತಿ ಹತ್ತಿತು. ಮುಖ ಕೆಂಪಾಗುವಷ್ಟು ಕೆಮ್ಮಿದರು. ಪಕ್ಕದ ಮಂಚದಾಕೆ "ಯಾರೋ ನೆನೆಸಿದ್ರು ಬಿಡವ್ವ" ಎಂದರು. ಕೆಮ್ಮು ನಿಂತ ಮೇಲೆ ಅಜ್ಜಿ ಹೇಳಿದ್ದು ಇಷ್ಟು: "ನೆನೆಸೋರು ಯಾರದಾರ. ತಮ್ಮಾ, ಮೊದ್ಲು ಆಕೀಗೆ ಕುಂದ್ರಾಕ ಹೇಳು. ನಿಂತೋರ ಮುಂದ ಉಂಡು ರೂಢಿ ಇಲ್ಲ ನಂಗ."

ಆ ಕ್ಷಣ ನನಗೆ ಅದು ಮರ್ಯಾದೆಯ ಮಾತಾಗಿ ಮಾತ್ರ ಕೇಳಿಸಿತು. ಮನೆಗೆ ಬಂದವರನ್ನು ಕೂರಿಸಿ ಉಣಬಡಿಸಿದ ಹೆಣ್ಣುಮಗಳು, ನಿಂತವರ ಮುಂದೆ ಬಾಯಿ ತೆರೆಯುವುದಕ್ಕೆ ನಾಚಿಕೊಂಡಿದ್ದಾರೆ ಎಂದುಕೊಂಡೆ. ವಿಜ್ಞಾನ ಓದಿದವನಾಗಿಯೂ ಅದರೊಳಗಿನ ಶರೀರಶಾಸ್ತ್ರ ನನಗೆ ಹೊಳೆದದ್ದು ರಾತ್ರಿ, ಚಿತ್ರೀಕರಿಸಿದ್ದನ್ನು ನಿಧಾನಗತಿಯಲ್ಲಿ ನೋಡುವಾಗ. ಅದನ್ನೇ ಈಗ ನಿಮಗೆ ವಿವರಿಸುತ್ತೇನೆ.

ನಮ್ಮ ಗಂಟಲಿನಲ್ಲಿ ಎರಡು ದಾರಿಗಳಿವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಮುಂದೆ ಶ್ವಾಸನಾಳ, ಅದರ ಹಿಂದೆ ಅನ್ನನಾಳ. ಆದರೆ ಮೂಗು ಬಾಯಿಯ ಮೇಲಿದೆ, ಅಂದರೆ ಗಾಳಿಯ ದಾರಿಯೂ ಅನ್ನದ ದಾರಿಯೂ ಗಂಟಲಿನಲ್ಲಿ ಒಂದನ್ನೊಂದು ಅಡ್ಡಹಾಯಲೇಬೇಕು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಹೋಗುವ ರೈಲು ದಾರಿಯಲ್ಲಿ ರಸ್ತೆಯೂ ಹಳಿಯೂ ಕೂಡುವ ಕಡೆ ಗೇಟು ಇರುತ್ತದಲ್ಲ, ಹಾಗೆ. ರಸ್ತೆಯಲ್ಲಿ ವಾಹನಗಳು ಸದಾ ಓಡಾಡುತ್ತವೆ, ರೈಲು ಯಾವಾಗಲೋ ಒಮ್ಮೆ ಬರುತ್ತದೆ, ಬಂದಾಗ ಗೇಟು ಹಾಕಬೇಕು. ಉಸಿರು ವಾಹನ, ತುತ್ತು ರೈಲು.

ತುತ್ತು ನುಂಗುವಾಗ ಏನೇನಾಗುತ್ತದೆ ನೋಡಿ. ನಾಲಿಗೆ ಅಗಿದ ಅನ್ನವನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಏಳುತ್ತದೆ. ಕತ್ತಿನ ಮುಂಭಾಗಕ್ಕೆ ಬೆರಳಿಟ್ಟು ಎಂಜಲು ನುಂಗಿದರೆ ನಿಮಗೇ ತಿಳಿಯುತ್ತದೆ. ಎಪಿಗ್ಲಾಟಿಸ್ ಎಂಬ ಮುಚ್ಚಳ ಶ್ವಾಸನಾಳದ ಬಾಯಿಯ ಮೇಲೆ ಬಾಗುತ್ತದೆ. ಇದು ಬಾಯಿ ತೆರೆದಾಗ ಕಾಣುವ ಕಿರುನಾಲಗೆ ಅಲ್ಲ, ಅದರ ಕೆಳಗೆ ಕಾಣದಂತೆ ಇರುವುದು. ಸ್ವರತಂತುಗಳೂ ಕೂಡಿಕೊಂಡು ಬಿಗಿಯಾಗುತ್ತವೆ. ಸುಮಾರು ಒಂದು ಸೆಕೆಂಡು ಉಸಿರು ನಿಲ್ಲುತ್ತದೆ, ತುತ್ತು ಹಿಂದಿನ ದಾರಿಗೆ ಇಳಿಯುತ್ತದೆ, ಗೇಟು ಮತ್ತೆ ತೆರೆಯುತ್ತದೆ. ಈ ಒಂದು ಕೆಲಸಕ್ಕೆ ಸುಮಾರು 50 ಜೊತೆ ಸ್ನಾಯುಗಳು ಸಮಯಕ್ಕೆ ಸರಿಯಾಗಿ ಕೂಡಿ ದುಡಿಯಬೇಕು. ಒಂದು ಕ್ಷಣ ತಡವಾದರೂ ಅನ್ನ ಗಾಳಿಯ ದಾರಿಗೆ ಬೀಳುತ್ತದೆ. ನಾವು "ನೆತ್ತಿ ಹತ್ತಿತು" ಎನ್ನುವುದು ಇದನ್ನೇ. ನೆತ್ತಿಗೆ ಏನೂ ಹತ್ತಿರುವುದಿಲ್ಲ, ಶ್ವಾಸನಾಳಕ್ಕೆ ಇಳಿದಿರುತ್ತದೆ.

ಎಳೆಯರಲ್ಲಿ ಕೆಮ್ಮು ಅದನ್ನು ಕೂಡಲೇ ಹೊರಗೆ ಎಸೆಯುತ್ತದೆ. ವಯಸ್ಸಾದಂತೆ ಗೇಟು ಹಾಕುವವನು ನಿಧಾನಿಯಾಗುತ್ತಾನೆ. ಲಕ್ವ ಹೊಡೆದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ, ಡಿಮೆನ್ಷಿಯಾ ಎಂಬ ಮರೆವಿನ ರೋಗ ಇರುವವರಲ್ಲಿ ಇನ್ನೂ ನಿಧಾನ. ಕೆಲವರಲ್ಲಿ ಕೆಮ್ಮುವ ಶಕ್ತಿಯೂ ಕುಂದಿರುತ್ತದೆ. ಅನ್ನದ ಅಗುಳು, ನೀರು, ಬಾಯಿಯ ಕ್ರಿಮಿಗಳು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಕೆಲವು ದಿನಗಳ ಮೇಲೆ ಜ್ವರ ಬಂದು ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸುತ್ತಾರೆ. "ಥಂಡಿ ಗಾಳಿ ತಗುಲಿತು" ಎನ್ನುತ್ತಾರೆ ಮನೆಯವರು. ಕಾರಣ ಹಿಂದಿನ ವಾರದ ಮಜ್ಜಿಗೆ ಲೋಟದಲ್ಲಿ ಇದ್ದಿರಬಹುದು.

ಈಗ ಆ ಅಜ್ಜಿಯ ಮಾತಿಗೆ ಬರೋಣ. ನಿಂತವರು ಚಮಚ ಹಿಡಿದರೆ ಕುಳಿತವರು ಏನು ಮಾಡುತ್ತಾರೆ? ತಲೆ ಎತ್ತುತ್ತಾರೆ. ಗದ್ದ ಮೇಲೆ ಹೋಗುತ್ತದೆ, ಕತ್ತು ಹಿಂದೆ ಬಾಗುತ್ತದೆ. ನಿಮ್ಮಲ್ಲಿ ಎನ್‌.ಸಿ.ಸಿ.ಯಲ್ಲೋ ಸ್ಕೌಟ್‌ನಲ್ಲೋ ಪ್ರಥಮ ಚಿಕಿತ್ಸೆ ಕಲಿತವರಿದ್ದರೆ ನೆನಪಿಸಿಕೊಳ್ಳಿ. ಪ್ರಜ್ಞೆ ತಪ್ಪಿದವರ ಉಸಿರಿನ ದಾರಿ ತೆರೆಯಲು ಏನು ಮಾಡಬೇಕೆಂದು ಹೇಳಿಕೊಡುತ್ತಾರೆ? ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ ಎಂದು. ಅದೇ ಭಂಗಿ! ನಿಂತು ಉಣಿಸುವವರು ತಮಗೆ ತಿಳಿಯದೆಯೇ, ಗೇಟು ಹಾಕಬೇಕಾದ ಹೊತ್ತಿನಲ್ಲಿ ಗೇಟು ತೆರೆದು ಹಿಡಿಯುತ್ತಿರುತ್ತಾರೆ. ಅದೇ ಉಣಿಸುವವರು ಎದುರಿಗೆ, ಕಣ್ಣಿನ ಮಟ್ಟಕ್ಕೆ ಕುಳಿತು ಚಮಚವನ್ನು ಸ್ವಲ್ಪ ಕೆಳಗಿನಿಂದ ತಂದರೆ, ಉಣ್ಣುವವರ ಗದ್ದ ತಾನಾಗಿ ಎದೆಯ ಕಡೆ ತುಸು ಬಾಗುತ್ತದೆ. ಗಾಳಿಯ ದಾರಿಗೆ ಆಗ ರಕ್ಷಣೆ ಹೆಚ್ಚು.

ಅಂದರೆ ಅಜ್ಜಿ ಕೇಳಿದ ಮರ್ಯಾದೆಯೂ ಅವರ ಶ್ವಾಸಕೋಶಕ್ಕೆ ಬೇಕಾದ ರಕ್ಷಣೆಯೂ ಬೇರೆ ಬೇರೆ ಸಂಗತಿಗಳಾಗಿರಲಿಲ್ಲ. ಇದನ್ನು ಹಿಡಿದು ಹೊರಟ ಮೇಲೆ ಊಟದ ಕೋಣೆಯಲ್ಲಿ ನಾನು ಕಂಡ ಒಂದೊಂದೂ ಬೇರೆಯಾಗಿ ಕಾಣಿಸತೊಡಗಿತು.

ಮಾತನ್ನೇ ತೆಗೆದುಕೊಳ್ಳಿ. "ಅಜ್ಜೀ, ಈಗ ನುಚ್ಚು, ಮಜ್ಜಿಗೆ ಕಲಸಿದ್ದು" ಎಂದು ಹೇಳಿ ಚಮಚ ತೋರಿಸಿ ಒಂದು ಕ್ಷಣ ಕಾಯುವುದಕ್ಕೂ, ಎಲ್ಲೋ ನೋಡುತ್ತಾ ತುಟಿಗೆ ಚಮಚ ಒತ್ತುವುದಕ್ಕೂ ವ್ಯತ್ಯಾಸ ಬರೀ ಸೌಜನ್ಯದ್ದಲ್ಲ. ಹೆಸರು ಕೇಳಿದಾಗ, ವಾಸನೆ ಬಂದಾಗ, ಕಣ್ಣಿಗೆ ಕಂಡಾಗ ಬಾಯಲ್ಲಿ ಜೊಲ್ಲು ಊರುತ್ತದೆ. ಪಾವ್ಲೋವ್‌ನ ನಾಯಿಯ ಪಾಠ ನೆನಪಿದೆಯಲ್ಲ! ಮುಪ್ಪಿನಲ್ಲಿ ಅನೇಕರಿಗೆ, ಮುಖ್ಯವಾಗಿ ಹಲವು ಮಾತ್ರೆಗಳನ್ನು ನುಂಗುವವರಿಗೆ, ಬಾಯಿ ಒಣಗಿರುತ್ತದೆ. ಒಣಬಾಯಲ್ಲಿ ತುತ್ತು ಉಂಡೆಗಟ್ಟುವುದಿಲ್ಲ. ಮುನ್ಸೂಚನೆ ಸಿಕ್ಕಿದ ಬಾಯಿ ಸಿದ್ಧವಾಗುತ್ತದೆ, ಸಿಗದ ಬಾಯಿಗೆ ತುತ್ತು ಅಪರಿಚಿತನಂತೆ ನುಗ್ಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಪ್ರಶ್ನೆ ತುತ್ತಿಗೆ ಮುಂಚೆ ಕೇಳಬೇಕು, ಬಾಯಲ್ಲಿ ಅನ್ನ ಇದ್ದಾಗ ಅಲ್ಲ. ಉತ್ತರಿಸಬೇಕೆಂದರೆ ಅವರು ಗೇಟು ತೆರೆಯಬೇಕಾಗುತ್ತದೆ.

ಕಿವಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಾಂಕದ ಸದ್ದುಗಳನ್ನು. ಸ್ವರಗಳು ಕೇಳಿಸುತ್ತವೆ, ಸ, ಶ, ಹ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಈಗ ನಮ್ಮ ಪಂಕ್ತಿಯ ಎರಡು ಮಾತುಗಳನ್ನು ಗಮನಿಸಿ: "ಸಾಕಾ?" ಮತ್ತು "ಹಾಕ್ಲಾ?" ಅರ್ಥ ತದ್ವಿರುದ್ಧ, ಕಿವಿ ಮಂದವಾದವರಿಗೆ ಎರಡೂ ಹತ್ತಿರ ಹತ್ತಿರ ಒಂದೇ. ತಲೆಯಾಡಿಸಿದರೆ ಯಾವುದಕ್ಕೆ ಒಪ್ಪಿದಂತೆ? ಬೇಡವೆಂದುಕೊಂಡಿದ್ದವರ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತದೆ, ಬೇಕಿದ್ದವರ ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ "ಮುದುಕರಿಗೆ ಏನು ಬೇಕು ಅಂತ ಅವರಿಗೇ ಗೊತ್ತಿಲ್ಲ" ಎಂಬ ಬಿರುದು ಬೇರೆ. ಕಿರುಚಿದರೆ ಪರಿಹಾರವಿಲ್ಲ, ಕಿರುಚಿದ ಮಾತು ಇನ್ನಷ್ಟು ಕದಡುತ್ತದೆ. ಮುಖ ಕಾಣುವಂತೆ ಎದುರಿಗೆ ಬಂದು, ತಗ್ಗಿದ ದನಿಯಲ್ಲಿ, ಸೌಟನ್ನು ತೋರಿಸಿ ಕೇಳಿ. ಹಾಗೆಯೇ ಊಟದ ಕೋಣೆಯ ಗದ್ದಲ ತಗ್ಗಿಸಿ. ಸ್ಟೀಲ್ ತಟ್ಟೆಗಳ ಸದ್ದು ಒಂದು ಕಡೆ, ಗೋಡೆಯ ಮೇಲಿನ ಟಿ.ವಿ. ಇನ್ನೊಂದು ಕಡೆ. ಊಟದ ಹೊತ್ತಿಗೆ ಟಿ.ವಿ. ಆರಿಸಿಬಿಡಿ. ಇದನ್ನು ಟಿ.ವಿ. ಕಾರ್ಯಕ್ರಮ ಮಾಡಿ ಹೊಟ್ಟೆ ಹೊರೆಯುವವನೇ ಹೇಳುತ್ತಿದ್ದಾನೆ ಎಂಬುದನ್ನು ಗಮನಿಸಿ.

ಕಣ್ಣಿನ ಕತೆಯೂ ಹಾಗೆಯೇ. ಪೊರೆ ಬಂದ ಕಣ್ಣಿಗೆ ಬಿಳಿ ತಟ್ಟೆಯಲ್ಲಿನ ಮೊಸರನ್ನ ಕಾಣುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುವ ಸ್ಟೀಲ್ ಗಂಗಾಳದ ಅಂಚೂ ತಿಳಿಯುವುದಿಲ್ಲ. ಅಮೆರಿಕದ ಬಾಸ್ಟನ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಆಲ್ಜೈಮರ್ ಕಾಯಿಲೆ ಬಲಿತವರಿಗೆ ಬಿಳಿ ತಟ್ಟೆ-ಲೋಟಗಳ ಬದಲು ಗಾಢ ಕೆಂಪು ಬಣ್ಣದವನ್ನು ಕೊಟ್ಟಾಗ ಅವರು ತಿಂದ ಆಹಾರ ಶೇ. 25ರಷ್ಟೂ ಕುಡಿದ ದ್ರವ ಶೇ. 84ರಷ್ಟೂ ಹೆಚ್ಚಿತು. ಅಧ್ಯಯನಕ್ಕೆ ಒಳಗಾದವರು ಕೇವಲ 9 ಜನ, ಹಾಗಾಗಿ ಅಂಕಿಗಳನ್ನು ಜಾಗ್ರತೆಯಿಂದಲೇ ಹಿಡಿಯಬೇಕು. ಆದರೆ ತತ್ವ ಸರಳವಾಗಿದೆ: ಕಂಡದ್ದನ್ನು ಉಣ್ಣಬಹುದು. ನಾನು ಇದನ್ನು ಹೇಳಿದಾಗ ಆಶ್ರಮದ ಅಡುಗೆಯಾಕೆ ಕೆಂಪು ತಟ್ಟೆ ಹುಡುಕಲು ಹೋಗಲಿಲ್ಲ. "ಮುತ್ತಲ ಎಲೆ ಹಾಕಿದ್ರೆ ಆತು" ಎಂದರು. ಹಸಿರು ಎಲೆಯ ಮೇಲೆ ಬಿಳಿ ಅನ್ನ! ನಮ್ಮ ಹಿರಿಯರು ಕಣ್ಣಿನ ಪೊರೆಯನ್ನು ಲೆಕ್ಕ ಹಾಕಿ ಪತ್ರಾವಳಿ ಕಟ್ಟಿದರೆಂದು ನಾನು ಹೇಳಲಾರೆ, ಆದರೆ ಅದು ಕೆಲಸಕ್ಕೆ ಬರುತ್ತದೆ.

ನೀರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಸಹಜ ಬುದ್ಧಿ ತಪ್ಪು ದಾರಿ ತೋರಿಸುತ್ತದೆ. ನುಂಗಲು ಕಷ್ಟವಾದವರಿಗೆ ಗಟ್ಟಿ ಪದಾರ್ಥ ಅಪಾಯ, ನೀರು ಸುಲಭ ಎಂದು ನಾವೆಲ್ಲ ನಂಬಿದ್ದೇವೆ. ಅನೇಕರ ವಿಷಯದಲ್ಲಿ ನೀರೇ ಹೆಚ್ಚು ಅಪಾಯ. ಅದು ವೇಗವಾಗಿ ಜಾರುತ್ತದೆ, ನಿಧಾನಿಯಾದ ಗೇಟಿಗೆ ಅದರ ವೇಗ ಹಿಡಿಯಲಾಗುವುದಿಲ್ಲ. ಅದರ ಮೇಲೆ ನಮ್ಮ ಕಡೆಯ ಹಿರಿಯರು ಲೋಟಕ್ಕೆ ತುಟಿ ಹಚ್ಚುವುದಿಲ್ಲ. ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಮಾಡಿ, ಮೇಲಿಂದ ಸುರಿದುಕೊಂಡು ಕುಡಿಯುವವರು. ಎಂಜಲಾಗಬಾರದು ಎಂಬ ಶುಚಿಯ ಅಭ್ಯಾಸ ಅದು, ಒಳ್ಳೆಯದೇ. ಆದರೆ ಭಂಗಿ ನೋಡಿ, ಮತ್ತೆ ಅದೇ ಎತ್ತಿದ ಗದ್ದ! "ಇನ್ನು ಮೇಲೆ ಬಾಯಿ ಹಚ್ಚಿ ಕುಡಿಯಿರಿ" ಎಂದು ಗದರಿಸಿದರೆ, ಹಂಚಿಕೊಂಡ ಲೋಟಕ್ಕೆ ಬಾಯಿ ಹಚ್ಚಲಾರದೆ ಅವರು ನೀರನ್ನೇ ಬಿಡುತ್ತಾರೆ. ಮುಪ್ಪಿನಲ್ಲಿ ಬಾಯಾರಿಕೆ ಮೊದಲೇ ಕಡಿಮೆ. ಬೇಸಿಗೆಯಲ್ಲಿ ಆ ಸೀಮೆಯ ಬಿಸಿಲು ಬಲ್ಲವರಿಗೆ ಇದರ ಪರಿಣಾಮ ಹೇಳಬೇಕಿಲ್ಲ. ಒಂದು ಆಶ್ರಮದಲ್ಲಿ ಇದಕ್ಕೆ ಸುಲಭದ ಉಪಾಯ ಕಂಡೆ. ಒಬ್ಬೊಬ್ಬರಿಗೂ ಹೆಸರು ಕೆತ್ತಿಸಿದ ಸ್ವಂತ ಲೋಟ. ತನ್ನ ಲೋಟ ಎಂದಮೇಲೆ ತುಟಿ ಹಚ್ಚಲು ಸಂಕೋಚವಿಲ್ಲ, ತಲೆ ಎತ್ತಬೇಕಾಗಿಯೂ ಇಲ್ಲ.

ತೆಳುವಿನಿಂದ ಗಟ್ಟಿಯವರೆಗೆ ಆಹಾರವನ್ನು 0ಯಿಂದ 7ರವರೆಗಿನ ಮಟ್ಟಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಕ್ರಮವೊಂದು 2013ರ ನಂತರದ ವರ್ಷಗಳಲ್ಲಿ ರೂಪುಗೊಂಡಿದೆ. ಯಾವ ರೋಗಿಗೆ ಯಾವ ಮಟ್ಟ ಎಂಬುದನ್ನು ಪರೀಕ್ಷಿಸಿ ಹೇಳುವವರು ವಾಕ್ ಚಿಕಿತ್ಸಕರು. ಮಾತಿನ ವೈದ್ಯರಿಗೂ ನುಂಗುವುದಕ್ಕೂ ಏನು ಸಂಬಂಧ ಎನ್ನುತ್ತೀರಾ? ತುಟಿ, ನಾಲಿಗೆ, ಧ್ವನಿಪೆಟ್ಟಿಗೆ ಎರಡಕ್ಕೂ ಅವೇ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವಿದ್ಯೆ ಕಲಿಸುತ್ತಾರೆ. ವಿಜ್ಞಾನ ಓದುತ್ತಿರುವವರು ಇದನ್ನೂ ನೆನಪಿನಲ್ಲಿಡಿ, ಡಾಕ್ಟರು-ಎಂಜಿನಿಯರುಗಳಾಚೆಗೂ ಕಸುಬುಗಳಿವೆ.

ಆ ಮಟ್ಟಗಳ ಪಟ್ಟಿ ನೋಡುವಾಗ ನನಗೆ ಈ ಸೀಮೆಯ ಅಡುಗೆಮನೆ ನೆನಪಾಯಿತು. ನೀರು ಮಜ್ಜಿಗೆ, ಅಂಬಲಿ, ಗಂಜಿ, ಮೆತ್ತಗೆ ಬೇಯಿಸಿದ ನುಚ್ಚು, ಹಾಲಲ್ಲಿ ನೆನೆಸಿದ ರೊಟ್ಟಿ, ಕೊನೆಗೆ ಕಟಕ ರೊಟ್ಟಿ. ಏಣಿಯ ಮೆಟ್ಟಿಲುಗಳು ಮನೆಯಲ್ಲೇ ಇವೆ. ನುಂಗಲು ತೊಂದರೆ ಇರುವವರಿಗೆ ತೊಡಕಾಗುವುದು ಉದುರುವ ಮಂಡಕ್ಕಿ, ಗಂಟಲಿಗೆ ಅಂಟುವ ಮುದ್ದೆ, ಮತ್ತು ತೆಳು ಸಾರಿನಲ್ಲಿ ಗಟ್ಟಿ ಹೋಳು ತೇಲುವಂಥ ಕಲಬೆರಕೆ. ಅದಕ್ಕಾಗಿ ಕೆಲವು ಕಡೆ ಅನ್ನ, ಸಾರು, ಪಲ್ಯ, ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಬೂದುಬಣ್ಣದ ಒಂದು ಮುದ್ದೆ ಮಾಡಿ ಕೊಡುತ್ತಾರೆ. ಸುರಕ್ಷಿತವೇನೋ ಹೌದು. ಆದರೆ ನೀವೇ ತಿನ್ನುತ್ತೀರಾ? ಅದು ಯಾವ ಅಡುಗೆ ಎಂದು ಅಡುಗೆ ಮಾಡಿದವರೂ ಹೇಳಲಾರರು. ಪಲ್ಯ ಬೇರೆ, ಬೇಳೆ ಬೇರೆ, ಅನ್ನ ಬೇರೆಯಾಗಿ ಅರೆದು, ತಟ್ಟೆಯಲ್ಲಿ ಬೇರೆ ಬೇರೆ ಕಡೆ ಇಟ್ಟು, ಹೆಸರು ಹೇಳಿ ಕೊಟ್ಟರೆ ಖರ್ಚು ಒಂದು ಪೈಸೆ ಹೆಚ್ಚಾಗುವುದಿಲ್ಲ. ಮುಪ್ಪಿನಲ್ಲಿ ವಾಸನೆ ಹಿಡಿಯುವ ಶಕ್ತಿ ಕುಂದಿ ಎಲ್ಲವೂ ಸಪ್ಪೆ ಎನಿಸುತ್ತದೆ. ಗುರೆಳ್ಳು ಪುಡಿಯನ್ನು ಮೊಸರಿನಲ್ಲಿ ನಯವಾಗಿ ಕಲಸಿ ಒಂದಿಷ್ಟು ಬದಿಗಿಟ್ಟರೆ ಕಣ್ಣು ಅರಳುವುದನ್ನು ನೋಡಿದ್ದೇನೆ.

ಉಣಿಸುವವರ ಭಾಷೆಯ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ. "ಅಜ್ಜೀ, ಉಣ್ಣು" ಎಂಬ ಏಕವಚನ ನನಗೆ ತಪ್ಪೆನಿಸುವುದಿಲ್ಲ, ಆ ಕಡೆ ಮೊಮ್ಮಕ್ಕಳು ಪ್ರೀತಿಯಿಂದ ಕರೆಯುವುದೇ ಹಾಗೆ. ಆದರೆ ಹತ್ತು ಎಕರೆ ಹೊಲ ಮಾಡಿದ ಮನುಷ್ಯನಿಗೆ "ಮಮ್ಮು ತಿನ್ನೋ ಪಾಪು, ಆ ಅನ್ನು" ಎನ್ನುವುದು? ಅಥವಾ ಅವರ ತಲೆಯ ಮೇಲಿಂದ ಇಬ್ಬರು ಮಾತಾಡಿಕೊಂಡು "ಏಳನೇ ನಂಬರಿಗೆ ಸಾಕಂತೆ" ಎನ್ನುವುದು? ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸರು 1997ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಮರೆವಿನ ರೋಗಿಗಳ ಸ್ಥಿತಿ ಕೆಡಲು ಮೆದುಳಿನ ಹಾನಿಯಷ್ಟೇ ಅಲ್ಲ, ಸುತ್ತಲಿನವರ ಇಂಥ ನಡವಳಿಕೆಯೂ ಕಾರಣ ಎಂದು ವಾದಿಸಿದರು. ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲದವರಂತೆ ವರ್ತಿಸುವುದು, ಅವರು ಹಿಂಬಾಲಿಸಲಾರದ ವೇಗದಲ್ಲಿ ಕೆಲಸ ಮಾಡಿ ಮುಗಿಸುವುದು, ಇವೆಲ್ಲ ಅವರ ಪಟ್ಟಿಯಲ್ಲಿವೆ. ಕೆಟ್ಟವರು ಮಾಡುವ ಕೆಲಸಗಳಲ್ಲ ಇವು, ಅವಸರದಲ್ಲಿರುವ ಒಳ್ಳೆಯವರು ಮಾಡುವವು ಎಂದೂ ಅವರು ಗುರುತಿಸಿದ್ದರು.

ಮಾತು ಹೋದವರಿಗೂ ಹೇಳುವುದು ಇರುತ್ತದೆ. ಲಕ್ವದಿಂದ ಮಾತು ನಿಂತ ಒಬ್ಬ ಅಜ್ಜರನ್ನು ನೋಡಿದೆ. ಸಾಕಾದಾಗ ಅವರು ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿಯುತ್ತಿದ್ದರು, ಮದುವೆಯ ಪಂಕ್ತಿಯಲ್ಲಿ ನಾವೆಲ್ಲ ಮಾಡುವ ಹಾಗೆ. ಪಂಕ್ತಿಯಲ್ಲಿ ಆ ಕೈಯನ್ನು ಸರಿಸಿ ಇನ್ನೊಂದು ಹೋಳಿಗೆ ಹಾಕುವುದು ಉಪಚಾರ. ಇಲ್ಲಿ ಅದೇ ಕೈಯನ್ನು ಸರಿಸಿದರೆ, ಅವರಿಗೆ ಉಳಿದಿದ್ದ ಒಂದೇ ಮಾತನ್ನೂ ಕಿತ್ತುಕೊಂಡಂತೆ. ತುಟಿ ಬಿಗಿಯುವುದು, ಮುಖ ಹೊರಳಿಸುವುದು, ತುತ್ತನ್ನು ದವಡೆಯಲ್ಲೇ ಇಟ್ಟುಕೊಳ್ಳುವುದು, ಇವನ್ನೆಲ್ಲ ಹಟ ಎಂದು ಬರೆದಿಡುತ್ತಾರೆ. ಹಲ್ಲಿನ ಸೆಟ್ಟು ಒತ್ತುತ್ತಿರಬಹುದು, ಬಾಯಿ ಹುಣ್ಣಾಗಿರಬಹುದು, ಬಿಸಿ ಹೆಚ್ಚಾಗಿರಬಹುದು. ಬಾಯಿ ತೊಳೆಸುವುದೂ ದೊಡ್ಡ ಚಿಕಿತ್ಸೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ನ್ಯುಮೋನಿಯಾ ಬಂದದ್ದು ನೂರಕ್ಕೆ 11 ಜನರಿಗೆ, ಉಳಿದವರಲ್ಲಿ ನೂರಕ್ಕೆ 19 ಜನರಿಗೆ.

ಆಯಾಗಳನ್ನು ದೂರುವುದಕ್ಕೆ ಮುಂಚೆ ಒಂದು ಸಣ್ಣ ಲೆಕ್ಕ ಮಾಡಿ. ಊಟಕ್ಕೆ ಒಂದು ಗಂಟೆ. ಕೈಯಾರೆ ಉಣಿಸಬೇಕಾದವರು ಆರು ಜನ. ಉಣಿಸುವವರು ಒಬ್ಬರು. ತಲಾ ಹತ್ತು ನಿಮಿಷ. ನುಂಗಲು ಕಷ್ಟವಾದವರೊಬ್ಬರಿಗೆ ಅರ್ಧ ಗಂಟೆಯಾದರೂ ಬೇಕು. ಈ ಲೆಕ್ಕ ಯಾವ ಕರುಣೆಯಿಂದಲೂ ಸರಿಹೊಂದುವುದಿಲ್ಲ, ಕೈಗಳು ಹೆಚ್ಚಬೇಕು ಅಥವಾ ಊಟದ ಹೊತ್ತನ್ನು ಎರಡು ಪಾಳಿ ಮಾಡಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, ಪೋಷಣೆ ಎಂದರೆ ಏನು ಎಂದು ಹೇಳುವಾಗ ಮೊದಲು ಹೆಸರಿಸುವುದು ಆಹಾರವನ್ನು. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, 14567 ಎಂಬ ಸಹಾಯವಾಣಿಯೂ ಇದೆ. ಆದರೆ ಅನ್ನವನ್ನು ಎಷ್ಟು ಹೊತ್ತಿನಲ್ಲಿ, ಹೇಗೆ ಉಣಿಸಬೇಕು ಎಂಬುದು ಆ ಪೋಷಣೆಯ ವಿವರಣೆಯಲ್ಲಿಲ್ಲ.

ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಊಟ ಹಾಕಿಸುವವರಿಗೂ ಒಂದು ಮಾತು. ಕಾಲೇಜು ವಿದ್ಯಾರ್ಥಿಗಳಲ್ಲಿ ಈಗ ಇದು ಹೆಚ್ಚುತ್ತಿದೆ. ಉದ್ದೇಶ ಒಳ್ಳೆಯದು. ಆದರೆ ನಾನು ಕಂಡದ್ದು ಹೀಗೆ: ತಟ್ಟೆಗೆ ಬಡಿಸಿ ಆಗಿದೆ, ದಾನಿಗಳು ಇನ್ನೂ ಬಂದಿಲ್ಲ. ಬಂದ ಮೇಲೆ ಫೋಟೊ. ಫೋಟೊ ಆಗುವವರೆಗೆ ಯಾರೂ ಕೈ ಹಾಕುವಂತಿಲ್ಲ. ಸಕ್ಕರೆ ಕಾಯಿಲೆಯವರ ತಟ್ಟೆಯಲ್ಲೂ ಲಾಡು. ಅನ್ನ ಆರಿಹೋಗಿದೆ. ಇದೇ ಸೀಮೆಯಲ್ಲಿ ಕೊಟ್ಟೂರು ಬಸವೇಶ್ವರನ ತೇರಿಗೆ ಪಾದಯಾತ್ರೆ ಹೋಗುವವರಿಗೆ ದಾರಿಯುದ್ದಕ್ಕೂ ಊರಿನವರು ಅನ್ನ ನೀಡುತ್ತಾರೆ. ನಡೆಯುವವರನ್ನು ತಡೆದು ನಿಲ್ಲಿಸಿ, "ಒಂದು ತುತ್ತು ಉಂಡು ಹೋಗ್ರಿ" ಎಂದು ಕೇಳಿಕೊಳ್ಳುವವರು ಕೊಡುವವರೇ. ದಾಸೋಹ ಎಂಬ ಪದದಲ್ಲೇ ನೀಡುವವನು ದಾಸ. ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂಬ ಹೆಸರಿರುವುದು ನಿಮಗೆ ಗೊತ್ತು. ಅದನ್ನು ಉಂಡು ಬೆಳೆದವರು ನೀವು, ಉಣ್ಣುವವರಿಂದ ಕೈ ಮುಗಿಸಿಕೊಳ್ಳಬೇಡಿ. ಹೋಗಲೇಬೇಕೆಂದರೆ ನಿಮ್ಮ ತಟ್ಟೆಯನ್ನೂ ಇಟ್ಟುಕೊಂಡು ಜೊತೆಗೆ ಕುಳಿತು ಉಣ್ಣಿ. ನುಂಗಲು ತೊಂದರೆ ಇರುವವರಿಗೆ ತರಬೇತಿ ಇಲ್ಲದೆ ಉಣಿಸಲು ಮುಂದಾಗಬೇಡಿ.

ನಿಮ್ಮಲ್ಲಿ ಕೆಲವರು "ನಮಗೂ ವೃದ್ಧಾಶ್ರಮಕ್ಕೂ ಏನು ಸಂಬಂಧ" ಎನ್ನಬಹುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆ. ಆಶ್ರಮಗಳಲ್ಲಿರುವವರು ಅವರಲ್ಲಿ ತೀರಾ ಕಡಿಮೆ. ಉಳಿದವರು ಮನೆಯ ಪಡಸಾಲೆಯಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ತಾಲೂಕುಗಳಿಂದ ದುಡಿಯುವ ವಯಸ್ಸಿನವರು ಕುಟುಂಬ ಸಮೇತ ಗುಳೆ ಹೋಗುತ್ತಾರೆ, ಊರಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆ ಬಿಡಲಾಗದ ಮಕ್ಕಳು. ಬೆಳಿಗ್ಗೆ ಬಸ್ಸು ಬರುವ ಮುಂಚೆ ಅಜ್ಜಿಗೆ ನಾಲ್ಕು ತುತ್ತು ಉಣಿಸಿ, ಅರ್ಧ ನಿಂತು ಅರ್ಧ ಓಡುತ್ತಾ ಹೊರಡುವ ಎಂಟನೇ ತರಗತಿಯ ಹುಡುಗಿಯನ್ನು ನಾನು ಒಂದು ಹಳ್ಳಿಯಲ್ಲಿ ಮಾತಾಡಿಸಿದೆ. ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿರುವ ಓದುಗಳು ಆಕೆಯೇ. ಆದ್ದರಿಂದ ಇಷ್ಟನ್ನು ಗುರುತು ಹಾಕಿಕೊಳ್ಳಿ. ಮಲಗಿದ್ದವರನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಡಿ. ನೀವೂ ಕೂರಿ. ತುತ್ತು ಸಣ್ಣದಿರಲಿ, ಮೊದಲನೆಯದು ಇಳಿದ ಮೇಲೆ ಎರಡನೆಯದು. ಅವರ ಕೈ ಸ್ವಲ್ಪವಾದರೂ ಆಡುತ್ತಿದ್ದರೆ ಚಮಚವನ್ನು ಅವರ ಕೈಗೇ ಕೊಟ್ಟು ನಿಮ್ಮ ಕೈಯನ್ನು ಆಸರೆಯಾಗಿ ಇಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೆತ್ತಿ ಹತ್ತಿ ಜೋರಾಗಿ ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ, ಆಗ ನೀರು ಕುಡಿಸಬೇಡಿ. ಕೆಮ್ಮಲೂ ಆಗದೆ, ದನಿಯೂ ಬಾರದೆ, ಉಸಿರು ಕಟ್ಟಿದ್ದರೆ ಕೂಡಲೇ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ, ಯಾರನ್ನಾದರೂ ಕೂಗಿ 108ಕ್ಕೆ ಫೋನ್ ಮಾಡಿಸಿ. ಊಟದಲ್ಲಿ ಪದೇ ಪದೇ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ಕಾರಣವಿಲ್ಲದೆ ಮರುಕಳಿಸುವ ಜ್ವರ ಕಂಡರೆ ಡಾಕ್ಟರಿಗೆ ತೋರಿಸಿ, ನುಂಗುವ ತೊಂದರೆ ಎಂದು ನೀವೇ ಬಾಯಿ ಬಿಟ್ಟು ಹೇಳಿ.

ಮರುದಿನ ನಾವು ಅದೇ ಆಶ್ರಮಕ್ಕೆ ಹೋದೆವು. ಕ್ಯಾಮೆರಾದ ಸ್ಟ್ಯಾಂಡನ್ನು ಪೂರ್ತಿ ತಗ್ಗಿಸಿದೆವು. ಆಯಾ ಕುಳಿತರು, ನಾನೂ ಒಂದು ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತೆ. ಚಿತ್ರದಲ್ಲಿ ಆಯಾ ಅವರ ಬೆನ್ನೇ ಹೆಚ್ಚು ಕಾಣುತ್ತದೆ, ಅಜ್ಜಿಯ ಮುಖ ಅರ್ಧ ಮಾತ್ರ. ನಮ್ಮ ಎಡಿಟರ್ ಇದನ್ನು ಇಟ್ಟುಕೊಳ್ಳಬೇಕೆ ಎಂದು ಕೇಳಿದರು, ಇಟ್ಟುಕೊಂಡೆವು. ಅಜ್ಜಿ ಈ ಸಲ ಕೆಮ್ಮಲಿಲ್ಲ. ನುಚ್ಚಿನ ಜೊತೆ ಚಟ್ನಿ ನಾಲಿಗೆಗೆ ತಾಗಿದಾಗ ಕೈ ಎತ್ತಿ ಆಯಾ ಅವರನ್ನು ನಿಲ್ಲಿಸಿ, ಅಡುಗೆಮನೆಯ ಕಡೆ ತಿರುಗಿ, "ಗುರೆಳ್ಳು ಹೊತ್ತಿಸಿಯಲ್ಲ ಇವತ್ತು" ಎಂದರು. ಒಳಗಿನಿಂದ ಅಡುಗೆಯಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ಎಷ್ಟು ಹುರಿಯಬೇಕಿತ್ತು ಎಂದು ಕೇಳಿದರು. ಆ ಚರ್ಚೆ ನಮ್ಮ ಊಟ ಮುಗಿದ ಮೇಲೂ ನಡೆದಿತ್ತು.